ಕ್ಯಾಲೆಯ ಆರು ಮಂದಿಯನ್ನು ನೋಡುವ ಬಗೆ

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ನೋಡಲು ಹೋಗುವ ಕನ್ನಡಿಗರು ಲ್ಯಾಂಬೆತ್ ಸೇತುವೆ ದಾಟಿ ಎದುರು ದಂಡೆಯ ವಿಕ್ಟೋರಿಯಾ ಟವರ್ ಉದ್ಯಾನಕ್ಕೆ ಬಂದರೆ, ಫ್ರೆಂಚ್ ಶಿಲ್ಪಿ ಆಗಸ್ಟ್ ರೋಡಿನ್ ಅವರ ‘ಕ್ಯಾಲೆಯ ನಾಗರಿಕರು’ ಎಂಬ ಕಂಚಿನ ಶಿಲ್ಪವನ್ನೂ ನೋಡಬಹುದು. ಹನ್ನೆರಡು ಮೂಲ ಎರಕಗಳಲ್ಲಿ ಇದೂ ಒಂದಾದ್ದರಿಂದ ನಕಲೆಂದು ಕಡೆಗಣಿಸಬೇಕಾಗಿಲ್ಲ.

ಮೊದಲು ಕಥೆ ತಿಳಿದಿರಲಿ. ಇಂಗ್ಲೆಂಡಿನ ಮೂರನೇ ಎಡ್ವರ್ಡ್ ಫ್ರಾನ್ಸಿನ ಬಂದರು ನಗರ ಕ್ಯಾಲೆಗೆ ಹಾಕಿದ ಮುತ್ತಿಗೆ 1347ರಲ್ಲಿ ಮುಗಿದಾಗ, ಊರನ್ನು ಉಳಿಸಲು ಆರು ಮಂದಿ ಗಣ್ಯರು ಬರಿಗಾಲಲ್ಲಿ, ಕೊರಳಿಗೆ ಹಗ್ಗ ಬಿಗಿದುಕೊಂಡು, ಕೋಟೆಯ ಕೀಲಿಕೈ ಹಿಡಿದು, ಸಾಯಲು ಸಿದ್ಧರಾಗಿ ಎಡ್ವರ್ಡನ ಬಳಿಗೆ ಹೊರಟರೆಂದು ಚರಿತ್ರೆಕಾರರು ಬರೆದಿದ್ದಾರೆ. ರಾಣಿ ಫಿಲಿಪ್ಪಾಳ ಬೇಡಿಕೆಯಿಂದ ಅವರ ಜೀವ ಉಳಿಯಿತು. ಆದರೆ ರೋಡಿನ್ ಹಿಡಿದಿಟ್ಟದ್ದು ಉಳಿಯುತ್ತೇವೆಂದು ಅವರಿಗಿನ್ನೂ ಗೊತ್ತಿಲ್ಲದ ಗಳಿಗೆಯನ್ನು.

ಎದುರು ನಿಂತು ಫೋಟೊ ತೆಗೆದು ಹೊರಡಬೇಡಿ, ಈ ಶಿಲ್ಪಕ್ಕೆ ‘ಎದುರು’ ಎಂಬುದೇ ಇಲ್ಲ. ಎಲ್ಲಿ ನಿಂತರೂ ಒಂದಲ್ಲ ಒಂದು ಮುಖ ಮರೆಯಾಗುವುದರಿಂದ ಸುತ್ತು ಹಾಕಲೇಬೇಕು. ನೋಟವನ್ನು ಮುಖದಿಂದಲ್ಲ, ಪಾದದಿಂದ ಆರಂಭಿಸಿ. ರೋಡಿನ್ ಕೈಕಾಲುಗಳನ್ನು ಸಹಜಕ್ಕಿಂತ ದೊಡ್ಡದಾಗಿ ಮಾಡಿದ್ದಾರೆ. ಆ ಪಾದಗಳು ನೆಲವನ್ನು ಬಿಡಲೊಲ್ಲವು ಎನ್ನುವಷ್ಟು ಭಾರವಾಗಿವೆ. ಮೊದಲು ನಗ್ನ ದೇಹಗಳನ್ನು ರೂಪಿಸಿ ಆಮೇಲೆ ಬಟ್ಟೆ ಹೊದಿಸಿದ್ದರಿಂದ, ಮಡಿಕೆಗಳ ಕೆಳಗೆ ಸ್ನಾಯುಗಳ ಬಿಗಿತ ಕಾಣುತ್ತದೆ.

ಬಳಿಕ ಕೈಗಳನ್ನು ಗಮನಿಸಿ. ಕೀಲಿಕೈ ಹಿಡಿದ ಝಾನ್ ದ ಏರ್ ದವಡೆ ಬಿಗಿದು ನೆಟ್ಟಗೆ ನಿಂತಿದ್ದಾನೆ. ಆಂದ್ರಿಯೊ ಎರಡೂ ಕೈಗಳಲ್ಲಿ ತಲೆ ಹಿಡಿದುಕೊಂಡಿದ್ದಾನೆ. ಮುದುಕ ಯೂಸ್ತಾಷನ ತೋಳುಗಳು ಸುಮ್ಮನೆ ಜೋತುಬಿದ್ದಿವೆ. ನನಗೆ ಹೆಚ್ಚು ಕಾಡುವುದು ಕೀಲಿಕೈ ಹಿಡಿದವನೇ, ಏಕೆಂದರೆ ಅವನ ಗಟ್ಟಿತನದೊಳಗೇ ಅಂಜಿಕೆ ಅಡಗಿದೆ. ಚಾಚಿದ ಕೈಯನ್ನು ಆಧಾರವಿಲ್ಲದೆ ನಿಲ್ಲಿಸಲು ಕಲ್ಲಿಗಿಂತ ಕಂಚು ಅನುಕೂಲ, ಕಲ್ಲು ಅಲ್ಲಿ ಬೇಗ ಮುರಿಯುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಹೋದರೆ ಮಡಿಕೆಗಳ ನೆರಳು ಆಳವಾಗಿ, ಅವುಗಳ ಅಂಚುಗಳು ಮಾತ್ರ ಹೊಳೆಯುತ್ತವೆ.

ಪೀಠದ ಎತ್ತರವನ್ನೂ ಗಮನಿಸಿ. ಈ ಆರು ಮಂದಿ ಜನರ ನಡುವೆಯೇ ನೆಲದ ಮೇಲೆ ನಿಲ್ಲಬೇಕೆಂಬುದು ರೋಡಿನ್ ಅವರ ಆಸೆಯಾಗಿತ್ತು. ಆದರೂ 1895ರಲ್ಲಿ ಕ್ಯಾಲೆಯಲ್ಲಿ ಎತ್ತರದ ಪೀಠವೇ ದೊರೆಯಿತು, ತಗ್ಗು ನೆಲೆ ಸಿಕ್ಕಿದ್ದು 1924ರಲ್ಲಿ, ಅವರು ತೀರಿಕೊಂಡ ಏಳು ವರ್ಷಗಳ ನಂತರ. ಕೊನೆಯ ಸುತ್ತಿನಲ್ಲಿ ದೇಹಗಳ ನಡುವಿನ ಖಾಲಿ ಜಾಗವನ್ನು ನೋಡಿ: ಒಟ್ಟಿಗೇ ಹೊರಟಿರುವ ಇವರಲ್ಲಿ ಒಬ್ಬರೂ ಇನ್ನೊಬ್ಬರ ಕಣ್ಣು ನೋಡುತ್ತಿಲ್ಲ.