ಚಿಕ್ಕ ಡಬ್ಬಿಯ ಗೇಮಿಂಗ್ ಪಿಸಿ: ಮೊದಲು ಅಳತೆ ಪಟ್ಟಿ, ಆಮೇಲೆ ಸ್ಕ್ರೂಡ್ರೈವರ್

ದೊಡ್ಡ ಟವರ್ ಪಿಸಿಯ ಪಕ್ಕದ ಮುಚ್ಚಳ ತೆಗೆದು ಒಮ್ಮೆ ಒಳಗೆ ನೋಡಿ. ಎಷ್ಟೊಂದು ಜಾಗ ಖಾಲಿ ಬಿದ್ದಿರುತ್ತದೆ, ಅಲ್ವಾ? ಆ ಖಾಲಿ ಜಾಗ ಬಿಟ್ಟರೆ ಅದೇ ಪ್ರೊಸೆಸರ್, ಅದೇ ಗ್ರಾಫಿಕ್ಸ್ ಕಾರ್ಡ್ ಶೂ ಡಬ್ಬಿಯಷ್ಟು ಜಾಗದಲ್ಲಿ ಕೂರುತ್ತವೆ. ಮೇಜಿನ ಮೂಲೆಯಲ್ಲಿ ಇಡಬಹುದು. ಬ್ಯಾಗಿಗೆ ಹಾಕಿಕೊಂಡು ಗೆಳೆಯರ ಮನೆಗೂ ಒಯ್ಯಬಹುದು. ಸರಿಯಾಗಿ ಜೋಡಿಸಿದರೆ ಆಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ.

ದೊಡ್ಡ ಟವರ್‌ನಲ್ಲಿ ಅಂದಾಜಿನ ಮೇಲೆ ಕೊಂಡರೂ ನಡೆಯುತ್ತದೆ. ಚಿಕ್ಕದರಲ್ಲಿ 3 ಮಿಲಿಮೀಟರ್ ಹೆಚ್ಚಾದರೂ ಮುಚ್ಚಳ ಹಾಕಲು ಆಗುವುದಿಲ್ಲ. ನನ್ನ ಮೊದಲ ಪಿಸಿಯಲ್ಲಿ ಆಗಿದ್ದು ಅದೇ. ಕಾರ್ಡ್‌ನ ಉದ್ದ ಅಳೆದಿದ್ದೆ. ಅದರ ಪವರ್ ಕೇಬಲ್ ಬಾಗಲು ಎಷ್ಟು ಜಾಗ ಬೇಕು ಎಂದು ಅಳೆದಿರಲಿಲ್ಲ. ಕಾರ್ಡ್ ವಾಪಸ್ ಕಳಿಸಿ, ಬೇರೆಯದು ಬರುವ ತನಕ ಕಾಯಬೇಕಾಯಿತು. ಅದಕ್ಕೇ ಈ ಲೇಖನದಲ್ಲಿ ಕೊಳ್ಳುವ ಮುಂಚಿನ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕ್ಯಾಬಿನೆಟ್ಟೇ ಮೊದಲು

ಮಾಮೂಲಿ ಪಿಸಿ ಕಟ್ಟುವಾಗ ಕ್ಯಾಬಿನೆಟ್ ಕೊನೆಗೆ ಆರಿಸುತ್ತೇವೆ. ಇಲ್ಲಿ ಎಲ್ಲಕ್ಕಿಂತ ಮೊದಲು ಅದನ್ನೇ ಆರಿಸಬೇಕು. ಉಳಿದ ಪ್ರತಿ ಭಾಗದ ಗಾತ್ರವನ್ನು ಅದೇ ತೀರ್ಮಾನಿಸುತ್ತದೆ.

ಈ ಕ್ಯಾಬಿನೆಟ್‌ಗಳ ಗಾತ್ರವನ್ನು ಲೀಟರ್‌ನಲ್ಲಿ ಹೇಳುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 35, 15, 20 ಸೆಂ.ಮೀ. ಇರುವ ಡಬ್ಬಿ 10.5 ಲೀಟರ್. ಸುಮಾರು 20 ಲೀಟರ್‌ಗಿಂತ ಕಡಿಮೆ ಇರುವುದನ್ನು ಸ್ಮಾಲ್ ಫಾರ್ಮ್ ಫ್ಯಾಕ್ಟರ್ ಎನ್ನುವುದು ವಾಡಿಕೆ. ಮಾಮೂಲಿ ಟವರ್ ಅದರ ಎರಡರಷ್ಟೋ ಇನ್ನೂ ಹೆಚ್ಚೋ ಇರುತ್ತದೆ.

ಒಳಗಿನ ಜೋಡಣೆ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಟವರ್‌ನ ರೀತಿಯದೇ, ಚಿಕ್ಕದು ಅಷ್ಟೇ. ಕಾರ್ಡ್ ನೇರವಾಗಿ ಮದರ್‌ಬೋರ್ಡ್‌ಗೆ ಸಿಕ್ಕುತ್ತದೆ. ಕೂಲರ್ ಮಾಸ್ಟರ್‌ನ ಎನ್‌ಆರ್200 ಈ ಬಗೆಯದು, 18.25 ಲೀಟರ್. ಎರಡನೆಯದು ಸ್ಯಾಂಡ್‌ವಿಚ್. ನಡುವೆ ಒಂದು ಗೋಡೆ, ಒಂದು ಪಕ್ಕ ಮದರ್‌ಬೋರ್ಡ್, ಬೆನ್ನಿಗೆ ಬೆನ್ನು ಕೊಟ್ಟಂತೆ ಇನ್ನೊಂದು ಪಕ್ಕ ಗ್ರಾಫಿಕ್ಸ್ ಕಾರ್ಡ್. ಎರಡನ್ನೂ ರೈಸರ್ ಎಂಬ ಚಪ್ಪಟೆ ಕೇಬಲ್ ಸೇರಿಸುತ್ತದೆ. 7.2 ಲೀಟರ್‌ನ ಡ್ಯಾನ್ ಎ4-ಎಸ್‌ಎಫ್‌ಎಕ್ಸ್, 10.4 ಲೀಟರ್‌ನ ಫ್ರ್ಯಾಕ್ಟಲ್ ಟೆರಾ ಈ ಗುಂಪಿನವು. ಟೆರಾದ ನಡುಗೋಡೆಯನ್ನು ಆಚೀಚೆ ಸರಿಸಬಹುದು. ದಪ್ಪ ಕಾರ್ಡ್‌ಗೆ ಜಾಗ ಬಿಟ್ಟರೆ ಪ್ರೊಸೆಸರ್ ತಣ್ಣಗಿಡುವ ಕೂಲರ್ ಗಿಡ್ಡದಾಗಬೇಕು, ಎತ್ತರದ ಕೂಲರ್ ಹಾಕಿದರೆ ಕಾರ್ಡ್ ತೆಳ್ಳಗಿರಬೇಕು. ಚಿಕ್ಕ ಪಿಸಿಯ ಇಡೀ ಕತೆ ಈ ಒಂದು ಗೋಡೆಯಲ್ಲಿದೆ ಎನ್ನಬಹುದು.

ಇದೇ ಮೊದಲ ಸಲ ಎಂದಾದರೆ 15ರಿಂದ 20 ಲೀಟರ್ ಒಳಗಿನದನ್ನು ಆರಿಸಿ ಎನ್ನುವುದು ನನ್ನ ಸಲಹೆ. ಕೈ ಆಡಿಸಲು ಜಾಗ ಇರುತ್ತದೆ. 10 ಲೀಟರ್ ಆಮೇಲೆ ನೋಡೋಣ.

ರಟ್ಟಿನ ಮಾದರಿ

ಆರಿಸಿದ ಕ್ಯಾಬಿನೆಟ್‌ನ ವಿವರದಲ್ಲಿ ನಾಲ್ಕು ಅಳತೆ ಹುಡುಕಿ ಬರೆದಿಟ್ಟುಕೊಳ್ಳಿ: ಕಾರ್ಡ್ ಗರಿಷ್ಠ ಎಷ್ಟು ಉದ್ದ, ಎಷ್ಟು ಎತ್ತರ, ಎಷ್ಟು ದಪ್ಪ ಇರಬಹುದು, ಪ್ರೊಸೆಸರ್ ಕೂಲರ್ ಎಷ್ಟು ಎತ್ತರ ಇರಬಹುದು. ಕಾರ್ಡ್‌ನ ದಪ್ಪವನ್ನು ಸ್ಲಾಟ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸ್ಲಾಟ್ 20.32 ಮಿ.ಮೀ. ಎರಡು ಸ್ಲಾಟ್ ಎಂದರೆ ಸುಮಾರು 40, ಮೂರು ಎಂದರೆ ಸುಮಾರು 60. ಆದರೆ ‘ಎರಡೂವರೆ ಸ್ಲಾಟ್’ ಎಂದು ಬರೆದಿದ್ದರೆ ಸುಮ್ನೆ ನಂಬಬೇಡಿ, ಮಿಲಿಮೀಟರ್ ಅಂಕಿಯನ್ನೇ ನೋಡಿ.

ಕಾರ್ಡ್‌ನ ಎತ್ತರದ ಮೇಲೆ ಪವರ್ ಕೇಬಲ್‌ನ ಜಾಗವನ್ನು ಕೂಡಿಸಿ. ಹೊಸ ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಬರುವ 16 ಪಿನ್ ಕನೆಕ್ಟರ್ ಇದ್ದರೆ ಇದು ಇನ್ನೂ ಮುಖ್ಯ. ಕನೆಕ್ಟರ್‌ನಿಂದ ಹೊರಬಂದ ಮೇಲೆ ಸುಮಾರು 35 ಮಿ.ಮೀ. ತನಕ ಆ ಕೇಬಲ್ ಬಾಗದೆ ನೇರ ಇರಬೇಕು. ಪೂರ್ತಿ ಒಳಗೆ ಕೂರದೆ ಓರೆಯಾಗಿ ನಿಂತರೆ ಅಲ್ಲೇ ಬಿಸಿಯೇರಿ ಪ್ಲಾಸ್ಟಿಕ್ ಕರಗುವ ಅಪಾಯವಿದೆ. ಪಕ್ಕದ ಗಾಜು ಕೇಬಲ್ ಮೇಲೆ ಒತ್ತುವಂತಿದ್ದರೆ ಆ ಕಾರ್ಡ್ ನಿಮ್ಮ ಕ್ಯಾಬಿನೆಟ್‌ಗೆ ಆಗುವುದಿಲ್ಲ ಎಂದೇ ಅರ್ಥ.

ಈಗ ಒಂದು ರಟ್ಟು, ಕತ್ತರಿ ತೆಗೆದುಕೊಳ್ಳಿ. ಚಿಕ್ಕ ಪಿಸಿಗೆ ಬಳಸುವ ಮಿನಿ-ಐಟಿಎಕ್ಸ್ ಮದರ್‌ಬೋರ್ಡ್ 170 ಮಿ.ಮೀ. ಚೌಕ. ವಿಐಎ ಕಂಪನಿ 2001ರಲ್ಲಿ ತಂದ ಈ ಅಳತೆ ಇವತ್ತಿಗೂ ಹಾಗೇ ಇದೆ. ಅಷ್ಟು ದೊಡ್ಡ ಚೌಕ ಕತ್ತರಿಸಿ. ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಗಾತ್ರದ ಪವರ್ ಸಪ್ಲೈ 125, 100, 63.5 ಮಿ.ಮೀ. ಇರುತ್ತದೆ, ಅದಕ್ಕೊಂದು ಪುಟ್ಟ ಡಬ್ಬಿ ಮಾಡಿ. ಕಾರ್ಡ್‌ಗೆ ಇನ್ನೊಂದು. ಮೂರನ್ನೂ ಮೇಜಿನ ಮೇಲೆ ಕ್ಯಾಬಿನೆಟ್‌ನ ಅಳತೆಯ ಗೆರೆಯೊಳಗೆ ಇಟ್ಟು ನೋಡಿ. ಯಾವ ಕೇಬಲ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು ಎಂಬುದು ಆಗಲೇ ಕಣ್ಣಿಗೆ ಕಾಣುತ್ತದೆ. ಅರ್ಧ ಗಂಟೆಯ ಕೆಲಸ. ಅಂಕಿಗಳನ್ನು ಹತ್ತು ಸಲ ಓದಿದರೂ ಹೊಳೆಯದ್ದು ಇಲ್ಲಿ ಹೊಳೆಯುತ್ತದೆ.

ಬಿಸಿಯ ಲೆಕ್ಕ

ಡಬ್ಬಿ ಚಿಕ್ಕದಾಯಿತು ಎಂದು ಬಿಸಿ ಕಡಿಮೆಯಾಗುವುದಿಲ್ಲ. 200 ವ್ಯಾಟ್ ಕಾರ್ಡ್ ಎಲ್ಲಿದ್ದರೂ 200 ವ್ಯಾಟ್ ಬಿಸಿಯನ್ನೇ ಕೊಡುತ್ತದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಕಾರ್ಡ್ ಎಳೆಯುವುದು 115 ವ್ಯಾಟ್, 4070 ಆದರೆ 200, 4090 ಆದರೆ 450. ಚಿಕ್ಕ ಡಬ್ಬಿಗೆ ಮೊದಲೆರಡು ಹಿತ. ಪ್ರೊಸೆಸರ್‌ನಲ್ಲೂ ಹಾಗೇ. ಎಎಂಡಿಯ ರೈಜೆನ್ 5 7600 ಹೆಸರಿಗೆ 65 ವ್ಯಾಟ್, ಹೆಚ್ಚೆಂದರೆ 88 ವ್ಯಾಟ್ ಎಳೆಯುತ್ತದೆ. ಗಿಡ್ಡ ಕೂಲರ್ ಇದನ್ನು ಸಂಭಾಳಿಸುತ್ತದೆ. ನಾಕ್ಟುವಾದ ಎನ್‌ಎಚ್-ಎಲ್9ಎ ಕೂಲರ್ 37 ಮಿ.ಮೀ. ಎತ್ತರ, ಎಲ್12ಎಸ್ 70 ಮಿ.ಮೀ. ಜಾಗ ಇದ್ದರೆ ಎತ್ತರದ್ದನ್ನೇ ಹಾಕಿ, ಸದ್ದು ತುಂಬಾ ಕಡಿಮೆ.

4070 ಮತ್ತು 7600 ಜೋಡಿಗೆ ಎಲ್ಲ ಕೂಡಿದರೂ 350 ವ್ಯಾಟ್ ಆಸುಪಾಸು. ಕಾರ್ಡ್‌ಗಳು ಕ್ಷಣ ಮಾತ್ರ ಇದಕ್ಕಿಂತ ಹೆಚ್ಚು ಎಳೆಯುವುದರಿಂದ 600 ವ್ಯಾಟ್‌ನ ಒಳ್ಳೆಯ ಎಸ್‌ಎಫ್‌ಎಕ್ಸ್ ತೆಗೆದುಕೊಳ್ಳಿ. ಅದು ಪೂರ್ತಿ ಮಾಡ್ಯುಲರ್ ಆಗಿರಲಿ, ಅಂದರೆ ಎಲ್ಲ ಕೇಬಲ್‌ಗಳನ್ನೂ ಬಿಚ್ಚಿ ತೆಗೆಯಲು ಬರಬೇಕು. ಬೇಡದ ಕೇಬಲ್ ಒಳಗೆ ತುರುಕಲು ಇಲ್ಲಿ ಜಾಗವಿಲ್ಲ. ಒಂದು ಎಚ್ಚರಿಕೆ: ಹಳೆಯ ಪವರ್ ಸಪ್ಲೈನ ಕೇಬಲ್ ಹೊಸದಕ್ಕೆ ಹಾಕಬೇಡಿ. ತೂತಿಗೆ ಸರಿಯಾಗಿ ಕೂತರೂ ಪಿನ್‌ಗಳ ಕ್ರಮ ಬೇರೆ ಇರಬಹುದು. ಒಮ್ಮೆ ಸ್ವಿಚ್ ಒತ್ತಿದರೆ ಬೋರ್ಡ್, ಎಸ್‌ಎಸ್‌ಡಿ ಎಲ್ಲ ಸುಟ್ಟುಹೋಗಬಹುದು.

ರ‍್ಯಾಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಿನಿ-ಐಟಿಎಕ್ಸ್‌ನಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟ್, ಆದ್ದರಿಂದ ಎರಡು ಕಡ್ಡಿಯ ಜೋಡಿ ಕೊಳ್ಳಿ. ಮೇಲೆ ದೀಪ, ಕಿರೀಟ ಇಲ್ಲದ ಗಿಡ್ಡ ರ‍್ಯಾಮ್ ಆದರೆ ಕೂಲರ್‌ಗೆ ತಾಗುವುದಿಲ್ಲ.

ಮೊದಲ ಜೋಡಣೆ ಡಬ್ಬಿಯ ಹೊರಗೆ

ಭಾಗಗಳೆಲ್ಲ ಬಂದವು. ಕೈ ತುರಿಸುತ್ತದೆ, ಆದರೂ ಕ್ಯಾಬಿನೆಟ್ ಈಗಲೇ ಮುಟ್ಟಬೇಡಿ. ಮದರ್‌ಬೋರ್ಡ್ ಬಂದ ರಟ್ಟಿನ ಡಬ್ಬಿಯ ಮೇಲೆ ಬೋರ್ಡ್ ಇಡಿ. ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲು ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ. ಪ್ರೊಸೆಸರ್, ರ‍್ಯಾಮ್, ಎಂ.2 ಎಸ್‌ಎಸ್‌ಡಿ (ಬೋರ್ಡ್‌ಗೇ ನೇರವಾಗಿ ಸಿಕ್ಕುವ ಪುಟ್ಟ ಡ್ರೈವ್) ಕೂರಿಸಿ. ಎಷ್ಟೋ ಐಟಿಎಕ್ಸ್ ಬೋರ್ಡ್‌ಗಳಲ್ಲಿ ಎರಡನೇ ಎಂ.2 ಜಾಗ ಬೋರ್ಡ್‌ನ ಬೆನ್ನಲ್ಲಿರುತ್ತದೆ. ಅದನ್ನು ಬಳಸುವುದಾದರೆ ಈಗಲೇ ಹಾಕಿ. ಆಮೇಲೆ ಹಾಕಬೇಕೆಂದರೆ ಇಡೀ ಪಿಸಿ ಬಿಚ್ಚಬೇಕಾದೀತು. ಪ್ರೊಸೆಸರ್ ಮೇಲೆ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಇಟ್ಟು ಕೂಲರ್ ಬಿಗಿಯಿರಿ. ಸ್ಕ್ರೂಗಳನ್ನು ಎದುರುಬದುರು ಮೂಲೆಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ.

ಪವರ್ ಸಪ್ಲೈಯಿಂದ 24 ಪಿನ್ ಕೇಬಲ್ ಮತ್ತು ಪ್ರೊಸೆಸರ್‌ನ 8 ಪಿನ್ ಕೇಬಲ್ ಕೊಡಿ. ಬೋರ್ಡ್‌ನ ಎಚ್‌ಡಿಎಂಐಗೆ ಮಾನಿಟರ್ ಹಾಕಿ. 7600ರಲ್ಲಿ ಗ್ರಾಫಿಕ್ಸ್ ಒಳಗೇ ಇದೆ. ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರ್ ಆದರೆ ಕಾರ್ಡ್ ಸಿಕ್ಕಿಸಿಯೇ ನೋಡಬೇಕು. ಬೋರ್ಡ್‌ನ ಎರಡು ಪವರ್ ಸ್ವಿಚ್ ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣ ಮುಟ್ಟಿಸಿದರೆ ಪಿಸಿ ಆನ್ ಆಗುತ್ತದೆ.

ಪರದೆ ಕಪ್ಪಾಗಿಯೇ ಇದ್ದರೆ ಗಾಬರಿ ಬೇಡ. ಡಿಡಿಆರ್5 ರ‍್ಯಾಮ್ ಇರುವ ಎಎಂಡಿ ಬೋರ್ಡ್‌ಗಳು ಮೊದಲ ಸಲ ರ‍್ಯಾಮ್ ಪರೀಕ್ಷೆ ಮಾಡಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ. ಕರೆಂಟ್ ತೆಗೆಯದೆ ಕಾಯಿರಿ. ಬಯೋಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಪರದೆ ಬಂತೆಂದರೆ ದೊಡ್ಡ ಚಿಂತೆ ಮುಗಿಯಿತು. ಬಯೋಸ್ ಅಪ್‌ಡೇಟ್ ಬೇಕಿದ್ದರೆ ಈಗಲೇ ಮುಗಿಸಿ. ಈ ಹಂತ ಬಿಟ್ಟು ಎಲ್ಲ ಒಳಗೆ ತುಂಬಿದ ಮೇಲೆ ಒಂದು ರ‍್ಯಾಮ್ ಕೆಟ್ಟಿದೆ ಎಂದು ಗೊತ್ತಾದರೆ ಅದನ್ನು ತೆಗೆಯಲು ಮತ್ತೆ ಎಲ್ಲವನ್ನೂ ಬಿಚ್ಚಬೇಕು.

ಒಳಗೆ ಕೂರಿಸುವ ಕ್ರಮ

ಕ್ಯಾಬಿನೆಟ್‌ನ ಎಲ್ಲ ಮುಚ್ಚಳ, ಬಿಚ್ಚಲು ಬರುವ ಪಟ್ಟಿ ಎಲ್ಲವನ್ನೂ ತೆಗೆದಿಡಿ. ಸ್ಕ್ರೂಗಳನ್ನು ಬೇರೆ ಬೇರೆ ಬಟ್ಟಲಿಗೆ ಹಾಕಿ. ತುದಿಯಲ್ಲಿ ಅಯಸ್ಕಾಂತ ಇರುವ ಉದ್ದನೆಯ ಸ್ಕ್ರೂಡ್ರೈವರ್, ಒಂದು ಚಿಮುಟ ಇಟ್ಟುಕೊಳ್ಳಿ. ಬೆರಳು ಹೋಗದ ಕಡೆ ಅವೇ ಗತಿ.

ಪವರ್ ಸಪ್ಲೈಗೆ ಕೇಬಲ್‌ಗಳನ್ನು ಮೊದಲು ಸಿಕ್ಕಿಸಿ, ಆಮೇಲೆ ಅದನ್ನು ಕೂರಿಸಿ. ಕೂರಿಸಿದ ಮೇಲೆ ಆ ಬದಿಗೆ ಕೈ ಹೋಗುವುದಿಲ್ಲ. ಬೋರ್ಡ್ ಇಳಿಸುವಾಗಲೂ ಹಾಗೇ. ಮೂಲೆಯಲ್ಲಿರುವ 8 ಪಿನ್ ಕೇಬಲ್, ಫ್ಯಾನ್ ಕೇಬಲ್, ಮುಂದಿನ ಸ್ವಿಚ್‌ನ ಪುಟ್ಟ ಪಿನ್‌ಗಳನ್ನು ಸ್ಕ್ರೂ ಬಿಗಿಯುವ ಮೊದಲೇ ಸಿಕ್ಕಿಸಿಕೊಳ್ಳಿ. ಮುಂದಿನ ಯುಎಸ್‌ಬಿಯ ಕೇಬಲ್ ದಪ್ಪ, ಬಾಗುವುದಿಲ್ಲ. ಅದರ ದಾರಿ ಮೊದಲು ನೋಡಿ, ಉಳಿದವು ಅದರ ಸುತ್ತ ಹೋಗಲಿ. ಯಾವ ಕೇಬಲ್ಲೂ ಫ್ಯಾನ್ ರೆಕ್ಕೆಗೆ ತಾಗದಂತೆ ಝಿಪ್ ಟೈ ಹಾಕಿ.

ಸ್ಯಾಂಡ್‌ವಿಚ್ ಬಗೆಯಲ್ಲಿ ರೈಸರ್ ಕೇಬಲ್ ಮೆಲ್ಲಗೆ ಬಾಗಬೇಕು, ಕಾಗದದಂತೆ ಮಡಚಬಾರದು. ಕಾರ್ಡ್ ಮತ್ತು ಬೋರ್ಡ್ 4ನೇ ಪೀಳಿಗೆಯ ಪಿಸಿಐಇ (ಕಾರ್ಡ್ ಬೋರ್ಡ್‌ಗೆ ಸಿಕ್ಕುವ ಸ್ಲಾಟ್‌ನ ಮಾನದಂಡ) ಇದ್ದು ರೈಸರ್ 3ನೇ ಪೀಳಿಗೆಯದಾದರೆ ಪರದೆಗೆ ಏನೂ ಬರದೇ ಹೋಗಬಹುದು, ಇಲ್ಲವೇ ಆಟದ ನಡುವೆ ನಿಂತುಹೋಗಬಹುದು. ಬಯೋಸ್‌ನಲ್ಲಿ ಆ ಸ್ಲಾಟನ್ನು ‘ಜೆನ್ 3’ ಎಂದು ನೀವೇ ನಿಗದಿ ಮಾಡಿದರೆ ಸರಿಹೋಗುತ್ತದೆ. ಒಂದಿಡೀ ಸಂಜೆ ನಾನು ಕಾರ್ಡೇ ಕೆಟ್ಟಿದೆ ಎಂದುಕೊಂಡಿದ್ದೆ. ತಪ್ಪು ಇದ್ದದ್ದು ಈ ಒಂದು ಸೆಟ್ಟಿಂಗ್‌ನಲ್ಲಿ.

ಕಾರ್ಡ್ ಎಲ್ಲಕ್ಕಿಂತ ಕೊನೆಗೆ.

ಗಾಳಿ ಎಲ್ಲಿಂದ, ಎಲ್ಲಿಗೆ

ಗಿಡ್ಡ ಕೂಲರ್‌ನ ಫ್ಯಾನ್ ಪಕ್ಕದ ಜಾಲರಿಯಿಂದ ಹೊರಗಿನ ತಣ್ಣನೆ ಗಾಳಿ ಎಳೆಯಬೇಕು. ಫ್ಯಾನ್‌ಗೂ ಜಾಲರಿಗೂ ನಡುವೆ ಒಂದೆರಡು ಸೆಂಟಿಮೀಟರ್ ಖಾಲಿ ಇದ್ದರೆ ಒಳಗಿನ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆ ಸಂದಿಯ ಸುತ್ತ ಫೋಮ್ ಪಟ್ಟಿ ಅಂಟಿಸಿ ಚಿಕ್ಕ ಕೊಳವೆಯ ಹಾಗೆ ಮಾಡಿ. ಖರ್ಚು ಕಡಿಮೆ, ಉಷ್ಣತೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಕಾರ್ಡ್‌ಗೂ ಜಾಲರಿ ಹತ್ತಿರವೇ ಇರಲಿ. ಜಾಗವಿದ್ದರೆ ಮೇಲ್ಗಡೆ ಒಂದು ಫ್ಯಾನ್ ಬಿಸಿ ಗಾಳಿ ಹೊರದೂಡಲಿ. ಮಾಮೂಲಿ ಫ್ಯಾನ್ 25 ಮಿ.ಮೀ. ದಪ್ಪ, ಅದು ಹಿಡಿಸದ ಕಡೆ 15 ಮಿ.ಮೀ.ನ ತೆಳು ಫ್ಯಾನ್ ಸಿಗುತ್ತದೆ.

ಕೊನೆಯ ಸೆಟ್ಟಿಂಗ್‌ಗಳು

ಬಯೋಸ್‌ನಲ್ಲಿ ರ‍್ಯಾಮ್ ವೇಗದ ಸೆಟ್ಟಿಂಗ್ ಆದ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವುದಿಲ್ಲ. ಹೆಚ್ಚು ವ್ಯಾಟ್‌ನ ರೈಜೆನ್ ಇದ್ದರೆ ವ್ಯಾಟ್ ಮಿತಿ ಇಳಿಸುವ ಇಕೋ ಮೋಡ್ ಹಾಕಿ. ಕಾರ್ಡ್‌ನ ಪವರ್ ಲಿಮಿಟ್ ಅನ್ನು ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ 80 ಶೇಕಡಾಕ್ಕೆ ಇಳಿಸಿ ಒಂದು ಆಟ ಆಡಿ ನೋಡಿ. ಸಾಮಾನ್ಯವಾಗಿ ಫ್ರೇಮ್ ರೇಟ್ ಸ್ವಲ್ಪವೇ ಇಳಿಯುತ್ತದೆ, ಬಿಸಿ ಮತ್ತು ಸದ್ದು ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯುತ್ತವೆ. ಚಿಕ್ಕ ಪಿಸಿಯಲ್ಲಿ ನಾನು ಎಂದೂ ಬಿಡದ ಹೆಜ್ಜೆ ಇದು.

ಉಷ್ಣತೆ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದಿಟ್ಟು ಮುಚ್ಚಳ ತೆಗೆದು ಅರ್ಧ ಗಂಟೆ ಆಡಿ, ಉಷ್ಣತೆ ಬರೆದುಕೊಳ್ಳಿ. ಮುಚ್ಚಳ ಹಾಕಿ ಮತ್ತೆ ಅರ್ಧ ಗಂಟೆ. ಎರಡರ ನಡುವೆ ಮೂರ್ನಾಲ್ಕು ಡಿಗ್ರಿ ಇದ್ದರೆ ಚಿಂತೆ ಇಲ್ಲ. ಹತ್ತು ಡಿಗ್ರಿ ಮೀರಿದರೆ ಗಾಳಿಗೆ ದಾರಿ ಸಾಲದು ಎಂದರ್ಥ. ಕೇಬಲ್ ಎಲ್ಲಿ ಅಡ್ಡ ಬಂದಿದೆ, ಯಾವ ಫ್ಯಾನ್ ಉಲ್ಟಾ ಇದೆ ಎಂದು ನೋಡಿ. ರೈಜೆನ್ 7600 ಪ್ರೊಸೆಸರ್ 95 ಡಿಗ್ರಿ ತನಕ ತಡೆಯುತ್ತದೆ, ಆದರೆ ಆಟದ ವೇಳೆ ಅಷ್ಟು ಮೇಲೆ ಹೋಗಲು ಬಿಡಬೇಡಿ.

ಪಿಸಿಯನ್ನು ಗೋಡೆಗೆ ಒತ್ತಿ ಇಡಬೇಡಿ, ಎರಡೂ ಪಕ್ಕ ನಾಲ್ಕು ಬೆರಳಷ್ಟು ಜಾಗ ಇರಲಿ. ಕೆಳಗಿನಿಂದ ಗಾಳಿ ಎಳೆಯುವ ಕ್ಯಾಬಿನೆಟ್ ಆದರೆ ಕಾರ್ಪೆಟ್ ಮೇಲೆ ಇಡಲೇಬಾರದು. ಚಿಕ್ಕ ಜಾಲರಿಗೆ ಧೂಳು ಬೇಗ ಕಟ್ಟುತ್ತದೆ. ತಿಂಗಳಿಗೊಮ್ಮೆ ಬ್ರಷ್ ಆಡಿಸಿ. ಬ್ಲೋವರ್‌ನಿಂದ ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ.