ಹಳೇ ಕಾರಿನ ಟೆಂಪರೇಚರ್ ಮುಳ್ಳು ಏನು ಹೇಳುತ್ತದೆ?

ಹಳೇ ಕಾರಿನ ಮೀಟರಿನಲ್ಲಿ ಸಾಮಾನ್ಯವಾಗಿ ಡಿಗ್ರಿ ಇರುವುದಿಲ್ಲ; ಸಿ (ಕೋಲ್ಡ್, ತಣ್ಣಗೆ) ಮತ್ತು ಎಚ್ (ಹಾಟ್, ಬಿಸಿ) ಅಷ್ಟೇ. ಹಾಗಾಗಿ ಕಾರು ಸರಿಯಿದ್ದಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಗುರುತಿಟ್ಟುಕೊಳ್ಳಿ. ಎಂಜಿನ್ ಬಿಸಿಯಾದ ಮೇಲೆ ಕೂಲಂಟನ್ನು (ಎಂಜಿನ್ ತಣಿಸುವ ದ್ರವ) ರೇಡಿಯೇಟರ್‌ಗೆ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಸಾಮಾನ್ಯವಾಗಿ ಸುಮಾರು 82ರಿಂದ 88 ಡಿಗ್ರಿ ಸೆಲ್ಸಿಯಸ್‌ಗೆ ತೆರೆದುಕೊಳ್ಳುತ್ತದೆ. ಬಿಸಿಯಾದ ಎಂಜಿನ್‌ನಲ್ಲಿ ಮುಳ್ಳು ಹೆಚ್ಚಾಗಿ ಮಧ್ಯದ ಆಸುಪಾಸಿನಲ್ಲಿರುತ್ತದೆ.

ಟ್ರಾಫಿಕ್‌ನಲ್ಲಿ ಏರಿ, ಓಡುವಾಗ ಇಳಿದರೆ ಫ್ಯಾನ್, ಅದರ ಬೆಲ್ಟ್ ಅಥವಾ ಸ್ವಿಚ್ ನೋಡಿ. ಹೆದ್ದಾರಿಯಲ್ಲಿ, ಏರಿನಲ್ಲಿ ಮುಳ್ಳು ಮೇಲೆ ಹೋದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಕೂಲಂಟ್ ಕಮ್ಮಿಯಿರಬಹುದು. ಎಷ್ಟು ಓಡಿಸಿದರೂ ಸಿ ಬಿಟ್ಟು ಏಳದಿದ್ದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ ಎಂಬ ಅನುಮಾನ ಮೊದಲು ಬರಬೇಕು. ಅದನ್ನು ಕಿತ್ತೆಸೆದು ಓಡಿಸುವವರಿದ್ದಾರೆ. ಎಂಜಿನ್ ಸವೆತಕ್ಕೂ ಪೆಟ್ರೋಲ್ ದಂಡಕ್ಕೂ ಅದೇ ದಾರಿ.

ಮೀಟರೇ ಸುಳ್ಳು ಹೇಳುವುದೂ ಉಂಟು. ಪೆಟ್ರೋಲ್ ಮುಳ್ಳೂ ಜೊತೆಗೇ ಏರಿದ್ದರೆ ಡ್ಯಾಶ್‌ಬೋರ್ಡ್ ಹಿಂದೆ ಎರಡೂ ಮೀಟರಿಗೆ ಸಮನಾದ ವೋಲ್ಟೇಜ್ ಕೊಡುವ ಸ್ಟೆಬಿಲೈಸರ್ ಕೆಟ್ಟಿರಬಹುದು. ಒಂದೇ ವೈರಿನ ಸೆಂಡರ್ (ಎಂಜಿನ್ ಬಿಸಿ ಅಳೆದು ಮೀಟರಿಗೆ ತಿಳಿಸುವ ಸೆನ್ಸರ್) ಇರುವ ಬಹುತೇಕ ಕಾರುಗಳಲ್ಲಿ ಆ ವೈರ್ ಬಿಚ್ಚಿ ಇಗ್ನಿಷನ್ ಹಾಕಿದರೆ ಮುಳ್ಳು ಸಿಯಲ್ಲೇ ಉಳಿಯಬೇಕು. ತುದಿಯನ್ನು ಎಂಜಿನ್ ಲೋಹಕ್ಕೆ ಕ್ಷಣಮಾತ್ರ ಮುಟ್ಟಿಸಿದರೆ ಎಚ್ ಕಡೆ ಏಳಬೇಕು. ಎರಡೂ ಹೀಗೇ ಆದರೆ ಮೀಟರ್, ವೈರಿಂಗ್ ಸರಿ; ಮೀಟರ್ ತಪ್ಪು ತೋರಿಸುತ್ತಿದ್ದರೆ ಅನುಮಾನ ಸೆಂಡರ್ ಮೇಲೆ.

ಎಲ್ಲಕ್ಕಿಂತ ಅಪಾಯದ್ದು ಇದು: ಕೂಲಂಟ್ ಪೂರ್ತಿ ಸೋರಿ ಸೆಂಡರ್ ಗಾಳಿಯಲ್ಲಿ ನಿಂತರೆ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಏರಿದ್ದ ಮುಳ್ಳು ತಟ್ಟನೆ ಬಿದ್ದರೆ ಖುಷಿಪಡದೆ ಗಾಡಿ ನಿಲ್ಲಿಸಿ.

ಎಚ್ ಹತ್ತಿರ ಬಂದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಮೇಲಿನ ಹೋಸ್ ತಣ್ಣಗಾಗಿ, ಹಿಚುಕಿದರೆ ಮೆತ್ತಗಾಗುವ ತನಕ ಕಾಯಿರಿ.