ಎಂಜಿಬಿಗೆ ಆಯಿಲ್ ಕೂಲರ್ ಪೈಪ್ ಹಾಕಿದ್ದು

ನನ್ನ ಎಂಜಿಬಿ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಅದರ ಆಯಿಲ್ ಕೂಲರ್‌ಗೆ, ಅಂದರೆ ಎಂಜಿನ್ ಎಣ್ಣೆ ತಣಿಸುವ ಪುಟ್ಟ ರೇಡಿಯೇಟರ್‌ಗೆ, ಹೋಗಿಬರುವ ಎರಡು ಪೈಪುಗಳ ರಬ್ಬರ್ ಬಿರುಕು ಬಿಟ್ಟಿತ್ತು. ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಹತ್ತುವಾಗ ಅಂಥ ಪೈಪ್ ಒಡೆದರೆ ಎಣ್ಣೆಯೆಲ್ಲ ರಸ್ತೆಗೆ, ಎಂಜಿನ್ ಗುಜರಿಗೆ. ಎರಡೂ ಬದಲಿಸಬೇಕಿತ್ತು.

ಈ ಎಂಜಿನ್ನಿನಲ್ಲಿ ಎಣ್ಣೆ ಬ್ಲಾಕಿನ ಬಲಗಡೆ ಹಿಂಭಾಗದಿಂದ ಹೊರಬಂದು ಮುಂದಿನ ಕೂಲರ್‌ಗೆ ಹೋಗುತ್ತದೆ. ಅಲ್ಲಿಂದ ವಾಪಸ್ ಫಿಲ್ಟರ್‌ಗೆ. ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್ ಇರುವುದೂ ಅದೇ ಬದಿ. ನಮ್ಮ ಬಲಗಡೆ ಸ್ಟಿಯರಿಂಗ್ ಗಾಡಿಗಳಲ್ಲಿ ಸ್ಟಿಯರಿಂಗ್ ರಾಡೂ ಅಲ್ಲೇ ಇಳಿಯುತ್ತದೆ. ಜಾಗ ಅಷ್ಟಕ್ಕಷ್ಟೇ.

ಸ್ನೇಹಿತರೆಲ್ಲ ಸ್ಟೀಲ್ ಜಾಲರಿ ಹೊದಿಸಿದ ಪೈಪ್ ಹಾಕು, ಬಾನೆಟ್ ಎತ್ತಿದರೆ ಚೆಂದ ಕಾಣುತ್ತೆ ಅಂದರು. ನನಗೆ ಬೇಡವಾಯಿತು. ಆ ಜಾಲರಿ ತಾಗಿದ ತಗಡನ್ನು ಗರಗಸದ ಹಾಗೆ ತಿನ್ನುತ್ತದೆ. ಸ್ಟಾರ್ಟರ್‌ನ ಕರೆಂಟ್ ಇರುವ ಬೋಲ್ಟಿಗೆ ತಾಗಿದರಂತೂ ನೇರ ಶಾರ್ಟ್. ಹಾಗಾಗಿ ಬಿಸಿ ಎಣ್ಣೆ ತಾಳುವ ರಬ್ಬರ್ ಪೈಪನ್ನೇ ಪುಣೆ ಹತ್ತಿರದ ಭೋಸರಿಯ ಹೈಡ್ರಾಲಿಕ್ ಅಂಗಡಿಯಲ್ಲಿ ಮಾಡಿಸಿದೆ.

ಅಲ್ಲಿಗೆ ಹೋಗುವ ಮುಂಚೆ ಮನೆಯಲ್ಲೇ ಮಾಡಬೇಕಾದ ಕೆಲಸ ಒಂದಿದೆ. ಗಿಡಕ್ಕೆ ನೀರು ಹಾಕುವ ಪೈಪಿನ ತುಂಡು ತಗೊಂಡು ಬ್ಲಾಕಿನಿಂದ ಕೂಲರ್ ತನಕ ದಾರಿ ಹಿಡಿದು ನೋಡಿದೆ. ಮಗ ಕ್ಲಚ್ ಒತ್ತಿ ಬಿಟ್ಟು, ಆಕ್ಸಿಲರೇಟರ್ ಒಮ್ಮೆಲೇ ತುಳಿದ. ಎಂಜಿನ್ ತನ್ನ ರಬ್ಬರ್ ಮೌಂಟ್ ಮೇಲೆ ಎಷ್ಟು ವಾಲುತ್ತೆ ಅಂತ ಆಗ ಗೊತ್ತಾಗುತ್ತದೆ. ಆ ವಾಲಾಟಕ್ಕೆ ಸಾಲುವಷ್ಟು ಸಡಿಲ ಬಿಟ್ಟೇ ಅಳತೆ ಹಿಡಿಯಬೇಕು. ಬಿಗಿಯಾಗಿ ಎಳೆದ ಪೈಪಿನ ಜಗ್ಗಾಟವೆಲ್ಲ ಯೂನಿಯನ್ (ತುದಿಯ ಥ್ರೆಡ್ ಇರುವ ಜೋಡಣೆ) ಮೇಲೆ ಬೀಳುತ್ತೆ.

ಉದ್ದ ಸರಿ ಇದ್ದರೆ ಸಾಲದು. ಎರಡು ತುದಿಯ ಬಾಗಿದ ಯೂನಿಯನ್‌ಗಳು ಒಂದಕ್ಕೊಂದು ಯಾವ ಕಡೆ ಮುಖ ಮಾಡಿವೆ ಅನ್ನೋದೂ ಮುಖ್ಯ. ಕ್ರಿಂಪ್ ಆದ ಮೇಲೆ, ಅಂದರೆ ಮಷೀನಿನಲ್ಲಿ ಯೂನಿಯನ್ನನ್ನು ಪೈಪಿಗೆ ಒತ್ತಿ ಕೂರಿಸಿದ ಮೇಲೆ, ತಿರುಗಿಸೋಕೆ ಆಗಲ್ಲ, ತಿರುಚಿ ಕೂರಿಸಿದರೆ ಪೈಪ್ ಬೇಗ ಹಾಳು. ಅದಕ್ಕೇ ನಮೂನೆ ಪೈಪಿನ ಉದ್ದಕ್ಕೂ ಚಾಕ್‌ಪೀಸಿನಿಂದ ಗೆರೆ ಎಳೆದು, ಹಳೇ ಯೂನಿಯನ್‌ಗಳನ್ನೂ ಜೊತೆಗೇ ಒಯ್ದೆ. ಇವು ಬ್ರಿಟಿಷ್ ಪೈಪ್ ಥ್ರೆಡ್, ಅಂದಾಜಿನ ಮೇಲೆ ಹೊಂದಿಸೋಕೆ ಹೋಗಬಾರದು. ಕ್ರಿಂಪ್ ಮಷೀನಿನ ಹುಡುಗ ಇಂಡಿ ಕಡೆಯವನು. ಗೆರೆ ನೋಡಿ, "ಹಿಂಗ ಗುರ್ತ ಮಾಡಿ ತಂದ್ರ ನಮಗೂ ಚಲೋ ನೋಡ್ರಿ ಸರ್" ಅಂದ.

ರೇಡಿಯೇಟರ್ ಕೂತ ತಗಡಿನ ತೂತುಗಳಿಗೆ ಹೊಸ ರಬ್ಬರ್ ಗ್ರೊಮೆಟ್ (ತಗಡಿಗೆ ಪೈಪ್ ಉಜ್ಜದ ಹಾಗೆ ಕಾಯುವ ಬಳೆ) ಹಾಕಿಯೇ ಪೈಪ್ ತೂರಿಸಿದೆ. ಕೂಲರ್ ಕಡೆ ಬಿಗಿ ಮಾಡುವಾಗ ಎರಡು ಪಾನಾ ಬೇಕೇ ಬೇಕು. ಒಂದರಲ್ಲಿ ಕೂಲರ್‌ನ ಯೂನಿಯನ್ ಹಿಡಿಯದಿದ್ದರೆ ಅದು ಬುಡಸಮೇತ ತಿರುಚಿಕೊಳ್ಳುತ್ತದೆ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಮೀಟರಿನಲ್ಲಿ ಎಣ್ಣೆಯ ಪ್ರೆಶರ್ ಏಳುವ ತನಕ ಸ್ವಲ್ಪ ಸ್ವಲ್ಪವೇ ಸ್ಟಾರ್ಟರ್ ತಿರುಗಿಸಿದೆ. ಖಾಲಿ ಕೂಲರ್ ತುಂಬುವಷ್ಟರಲ್ಲಿ ಬೇರಿಂಗ್ ಒಣಗಿ ಓಡಬಾರದು ಅಲ್ವಾ. ಬಿಸಿ ಎಂಜಿನ್ನಿಗೆ ಓಡುವಾಗ 50ರಿಂದ 80 ಪಿಎಸ್‌ಐ, ಗಾಡಿ ನಿಂತು ಎಂಜಿನ್ ಐಡಲಿಂಗ್‌ನಲ್ಲಿದ್ದಾಗ 10ರಿಂದ 25 ಇರಬೇಕು ಅನ್ನುತ್ತದೆ ಮ್ಯಾನುಯಲ್. ಘಾಟ್ ಹತ್ತಿ ಬಂದ ಮೇಲೂ ನನ್ನದು ಅದರೊಳಗೇ ಇದೆ.

ಎಣ್ಣೆ ಕಾಯುವ ತನಕ ಅದನ್ನು ಕೂಲರ್‌ಗೆ ಬಿಡದ ಥರ್ಮೋಸ್ಟಾಟ್ ಹಾಕಲಿಲ್ಲ. ಹಾಕಿದರೆ ಇನ್ನೂ ನಾಲ್ಕು ಜೋಡಣೆ, ಸೋರೋಕೆ ಇನ್ನೂ ನಾಲ್ಕು ಜಾಗ. ಡಿಸೆಂಬರ್ ಬೆಳಗ್ಗೆ ಎಣ್ಣೆ ಬೇಗ ಕಾಯಲಿ ಅಂತ ಕೂಲರ್ ಮುಂದೆ ಒಂದು ರಟ್ಟು ಸಿಕ್ಕಿಸುತ್ತೇನೆ, ಬಿಸಿಲೇರಿದ ಮೇಲೆ ತೆಗೆಯುತ್ತೇನೆ.